ಮನೆಯ ಮಳೆ ಪುಸ್ತಕವನ್ನು ವೆಬ್‌ಸೈಟ್ ಮಾಡುವುದು: ಗಿಟ್‌ಹಬ್ ರೆಪೊಸಿಟರಿಯಿಂದ ಸ್ಟ್ಯಾಟಿಕ್ ಸೈಟ್, ಮೊದಲಿನಿಂದ ಕೊನೆಯವರೆಗೆ

ಕೊಡಗಿನಲ್ಲಿ ಕಾಫಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಕಣದ ಪಕ್ಕ ಮರದ ನೆರಳು ಬೀಳದ ಕಡೆ ರೈನ್ ಗೇಜ್. ಬೆಳಿಗ್ಗೆ ಎದ್ದು ಅದರ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆದಿಡುವುದು. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಸುಂಟಿಕೊಪ್ಪದ ಹತ್ತಿರ ಇರುವ ನಮ್ಮ ದೊಡ್ಡಪ್ಪನ ಮನೆಯಲ್ಲೂ ಇಂಥ ಪುಸ್ತಕಗಳಿವೆ, ಒಂದಲ್ಲ ಹಲವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇಷ್ಟು ಮಳೆ ಹಿಂದೆ ಯಾವಾಗ ಬಂದಿತ್ತು? ಉತ್ತರ ಪುಸ್ತಕದಲ್ಲಿತ್ತು, ಪುಸ್ತಕ ಬೀರುವಿನಲ್ಲಿತ್ತು, ಬೀರುವಿನೊಳಗೆ ಬೂಷ್ಟು ಹಿಡಿಯುತ್ತಿತ್ತು.

ಆ ಪುಸ್ತಕಗಳನ್ನು ನಾನು ವೆಬ್‌ಸೈಟ್ ಮಾಡಿದ್ದೇನೆ. ದುಡ್ಡು ಖರ್ಚಾಗಲಿಲ್ಲ, ಪ್ರೋಗ್ರಾಮಿಂಗ್ ಕಲಿಯಬೇಕಾಗಲಿಲ್ಲ. ಹೇಗೆ ಮಾಡಿದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ನಿಮ್ಮ ವಿಷಯ ಮಳೆಯೇ ಆಗಬೇಕಿಲ್ಲ. ಊರಿನ ದೇವಸ್ಥಾನದ ಹಬ್ಬದ ಪಟ್ಟಿ, ಶಾಲೆಯ ಹಳೆ ಫೋಟೋ, ಲೈಬ್ರರಿಯ ಪುಸ್ತಕಗಳ ಪಟ್ಟಿ, ಯಾವುದಕ್ಕಾದರೂ ಇದೇ ದಾರಿ.

ಸ್ಟ್ಯಾಟಿಕ್ ಸೈಟೇ ಯಾಕೆ

ವರ್ಡ್‌ಪ್ರೆಸ್‌ನಂಥ ಸೈಟ್ ಮಾಡುವ ತಂತ್ರಾಂಶದಲ್ಲಿ ಯಾರಾದರೂ ಪುಟ ಕೇಳಿದಾಗ ಸರ್ವರ್ ಡೇಟಾಬೇಸ್‌ನಿಂದ ಸಾಮಾನು ತೆಗೆದು ಪುಟ ಕಟ್ಟಿ ಕೊಡುತ್ತದೆ. ಸ್ಟ್ಯಾಟಿಕ್ ಸೈಟಿನಲ್ಲಿ ಪುಟ ಮೊದಲೇ ಸಿದ್ಧವಾಗಿ ಫೈಲ್ ಆಗಿ ಕೂತಿರುತ್ತದೆ. ಕೇಳಿದವರಿಗೆ ಎತ್ತಿ ಕೊಡುವುದಷ್ಟೇ ಸರ್ವರ್ ಕೆಲಸ. ಹಾಗಾಗಿ ಪುಟ ಹಗುರ. ಜುಲೈನಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಟವರ್‌ನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗಲೂ ನಮ್ಮ ಮಳೆ ಪುಟ ತೆರೆದುಕೊಳ್ಳುತ್ತದೆ. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಇದೆ. ಹಿಂದೆ ನಮ್ಮ ಊರಿನ ಸಂಘಕ್ಕೆ ಒಬ್ಬರಿಂದ ದುಡ್ಡು ಕೊಟ್ಟು ಸೈಟ್ ಮಾಡಿಸಿದ್ದೆವು. ಒಂದು ವರ್ಷ ರಿನ್ಯೂ ಮಾಡಿಸುವುದು ಮರೆತುಹೋಯಿತು, ಸೈಟೂ ಹೋಯಿತು, ಅದರಲ್ಲಿದ್ದ ಫೋಟೋಗಳೂ ಹೋದವು. ಯಾರ ಹತ್ತಿರವೂ ಕಾಪಿ ಇರಲಿಲ್ಲ. ರೆಪೊಸಿಟರಿಯಲ್ಲಿ ಇಟ್ಟರೆ ಹೀಗಾಗುವುದಿಲ್ಲ, ಯಾಕೆಂದರೆ ಸೈಟಿನ ಮೂಲ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ.

ರೆಪೊಸಿಟರಿ ಅಂದರೆ ಇತಿಹಾಸವನ್ನು ನೆನಪಿಟ್ಟುಕೊಳ್ಳುವ ಫೋಲ್ಡರ್. ಅದನ್ನು ನಡೆಸುವ ತಂತ್ರಾಂಶ ಗಿಟ್, ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಗಿಟ್ ರೆಪೊಸಿಟರಿಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳುವ ಜಾಗ ಗಿಟ್‌ಹಬ್. ಅಲ್ಲಿನ ಫೈಲ್‌ಗಳನ್ನು ಸೈಟ್ ಮಾಡಿ ತೋರಿಸುವ ಸೌಲಭ್ಯ ಗಿಟ್‌ಹಬ್ ಪೇಜಸ್. ಈ ಮೂರು ಹೆಸರು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋಂಸ್ಟೇ ಬುಕಿಂಗ್, ಕಾಫಿ ಪುಡಿ ಅಥವಾ ಜೇನು ಮಾರಾಟ, ಇಂಥ ವ್ಯಾಪಾರದ ಸೈಟಿಗೆ ಗಿಟ್‌ಹಬ್ ಪೇಜಸ್ ಬಳಸಲು ಅವರ ನಿಯಮ ಬಿಡುವುದಿಲ್ಲ. ಅದಕ್ಕೆ ಬೇರೆ ಹೋಸ್ಟಿಂಗ್ ನೋಡಿಕೊಳ್ಳಿ.

ಅಕೌಂಟ್ ಮತ್ತು ರೆಪೊಸಿಟರಿ

ಗಿಟ್‌ಹಬ್‌ನಲ್ಲಿ ಇಮೇಲ್ ಕೊಟ್ಟು ಅಕೌಂಟ್ ಮಾಡಿ. ಯೂಸರ್‌ನೇಮ್ ಸೈಟಿನ ವಿಳಾಸದಲ್ಲೇ ಬರುತ್ತದೆ, ಹಾಗಾಗಿ ಸ್ವಲ್ಪ ಯೋಚಿಸಿ ಇಡಿ. ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಹೈಫನ್, ಇಷ್ಟೇ ನಡೆಯುವುದು. ಪಾಸ್‌ವರ್ಡ್ ಜೊತೆ ಎರಡನೇ ಹಂತದ ಕೋಡ್ ಕೂಡ ಕೇಳುತ್ತಾರೆ, 2023ರಿಂದ ಇದನ್ನು ಕಡ್ಡಾಯ ಮಾಡುತ್ತಾ ಬಂದಿದ್ದಾರೆ. ಅದನ್ನು ಹಾಕುವಾಗ ರಿಕವರಿ ಕೋಡ್‌ಗಳನ್ನು ಕೊಡುತ್ತಾರಲ್ಲ, ಅವನ್ನು ಕಾಗದದ ಮೇಲೆ ಬರೆದು ಪಹಣಿ ಪತ್ರ ಇಡುವ ಜಾಗದಲ್ಲೇ ಇಟ್ಟುಬಿಡಿ. ಫೋನ್ ಮಳೆ ನೀರಿಗೆ ಬಿದ್ದು ಹಾಳಾದ ದಿನ ಆ ಕಾಗದ ಬೇಕಾಗುತ್ತದೆ.

ಆಮೇಲೆ ಹಸಿರು ಬಣ್ಣದ 'ನ್ಯೂ' ಬಟನ್ ಒತ್ತಿ ಹೊಸ ರೆಪೊಸಿಟರಿ ಮಾಡಿ. ಹೆಸರಿಗೆ ಕನ್ನಡ ಲಿಪಿ ಹಾಕಿದರೆ ಹೈಫನ್ ಆಗಿಬಿಡುತ್ತದೆ, ಆದ್ದರಿಂದ 'ಮಳೆಪುಸ್ತಕ' ಅನ್ನುವುದನ್ನೇ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಬರೆಯಿರಿ. 'ಪಬ್ಲಿಕ್' ಆರಿಸಿ. ಉಚಿತ ಅಕೌಂಟಿನಲ್ಲಿ ಪಬ್ಲಿಕ್ ರೆಪೊಸಿಟರಿಗೆ ಮಾತ್ರ ಪೇಜಸ್ ಸಿಗುತ್ತದೆ. ರೀಡ್‌ಮಿ ಫೈಲ್ ಸೇರಿಸುವ ಆಯ್ಕೆಯನ್ನೂ ಒತ್ತಿ. ಅದು ಇದ್ದರೆ ರೆಪೊಸಿಟರಿ ಖಾಲಿ ಇರುವುದಿಲ್ಲ, ಮುಂದಿನ ಕೆಲಸ ಸಲೀಸು.

ಮೊದಲ ಪುಟ

'ಆ್ಯಡ್ ಫೈಲ್' ಒತ್ತಿ, 'ಕ್ರಿಯೇಟ್ ನ್ಯೂ ಫೈಲ್' ಆರಿಸಿ. ಫೈಲಿನ ಹೆಸರು ಇಂಡೆಕ್ಸ್ ಡಾಟ್ ಎಂಡಿ. ಪೂರ್ತಿ ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಸ್ಪೇಸ್ ಬೇಡ. ಎಂಡಿ ಅಂದರೆ ಮಾರ್ಕ್‌ಡೌನ್. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ ಟ್ಯಾಗ್‌ಗಳನ್ನು ಕಲಿಯದೆಯೂ ಪುಟ ಬರೆಯುವ ಸುಲಭ ವಿಧಾನ ಇದು. ಗಿಟ್‌ಹಬ್ ಪೇಜಸ್‌ನ ಒಳಗೆ ಜೆಕಿಲ್ ಅನ್ನುವ ತಂತ್ರಾಂಶ ಇದೆ, ನಿಮ್ಮ ಮಾರ್ಕ್‌ಡೌನನ್ನು ಅದೇ ಎಚ್‌ಟಿಎಂಎಲ್ ಮಾಡಿಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ನಾನು ಮೊದಲ ಪುಟಕ್ಕೆ ಬರೆದದ್ದು ಹೀಗಿತ್ತು:

```
# ನಮ್ಮ ತೋಟದ ಮಳೆ ಪುಸ್ತಕ

ಅಳತೆ ಇಂಚಿನಲ್ಲಿ ಇದೆ. ಬೆಳಿಗ್ಗೆ 8 ಗಂಟೆಗೆ ಅಳೆದದ್ದು.

## ವರ್ಷಗಳು

- [2018ರ ಮಳೆ](2018)
- [2019ರ ಮಳೆ](2019)
```

ಒಂದು ಹ್ಯಾಶ್ ಗುರುತು ಹಾಕಿದರೆ ದೊಡ್ಡ ತಲೆಬರಹ, ಎರಡು ಹಾಕಿದರೆ ಚಿಕ್ಕದು. ಗುರುತಾದ ಮೇಲೆ ಒಂದು ಸ್ಪೇಸ್ ಬಿಡಬೇಕು. ಎರಡೆರಡು ನಕ್ಷತ್ರದ ನಡುವೆ ಇಟ್ಟದ್ದು ದಪ್ಪ ಅಕ್ಷರ. ಸಾಲಿನ ಶುರುವಿಗೆ ಅಡ್ಡ ಗೆರೆ ಮತ್ತು ಸ್ಪೇಸ್ ಇದ್ದರೆ ಪಟ್ಟಿ. ಚೌಕ ಬ್ರಾಕೆಟ್ಟಿನಲ್ಲಿ ಓದುಗರಿಗೆ ಕಾಣುವ ಮಾತು, ಅದಕ್ಕೆ ಅಂಟಿಕೊಂಡೇ ದುಂಡು ಬ್ರಾಕೆಟ್ಟಿನಲ್ಲಿ ಹೋಗಬೇಕಾದ ಪುಟದ ಹೆಸರು. ಇಷ್ಟು ಗೊತ್ತಿದ್ದರೆ ಮಾರ್ಕ್‌ಡೌನ್‌ನ ಮುಕ್ಕಾಲು ಭಾಗ ಗೊತ್ತಾದಂತೆ.

ಒಂದು ಎಡವಟ್ಟು ಇಲ್ಲಿ ಆಗುತ್ತದೆ. ಸಾಲಿನ ಶುರುವಿನಲ್ಲೇ '2018.' ಅಂತ ಅಂಕಿ, ಚುಕ್ಕೆ, ಸ್ಪೇಸ್ ಬಂದರೆ ಜೆಕಿಲ್ ಅದನ್ನು ನಂಬರ್ ಪಟ್ಟಿ ಅಂದುಕೊಂಡು '1.' ಅಂತ ತೋರಿಸುತ್ತದೆ. ವರ್ಷದಿಂದ ವಾಕ್ಯ ಶುರು ಮಾಡುವಾಗ 'ವರ್ಷ 2018' ಅಂತಲೋ '2018ರಲ್ಲಿ' ಅಂತಲೋ ಬರೆಯಿರಿ.

ಬರೆದಾದ ಮೇಲೆ 'ಕಮಿಟ್ ಚೇಂಜಸ್' ಒತ್ತಬೇಕು. ಕಮಿಟ್ ಅಂದರೆ ಈ ಬದಲಾವಣೆಯನ್ನು ದಾಖಲೆಗೆ ಸೇರಿಸು ಅಂತ. ಜೊತೆಗೆ ಒಂದು ಸಣ್ಣ ಟಿಪ್ಪಣಿ ಕೇಳುತ್ತದೆ. ಸುಮ್ನೆ ಖಾಲಿ ಬಿಡಬೇಡಿ, ಕನ್ನಡದಲ್ಲೇ ಬರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸೈಟ್ ಆನ್ ಮಾಡುವುದು

ರೆಪೊಸಿಟರಿಯ ಮೇಲಿನ ಸಾಲಿನಲ್ಲಿ 'ಸೆಟ್ಟಿಂಗ್ಸ್', ಅದರೊಳಗೆ ಎಡಗಡೆ ಪಟ್ಟಿಯಲ್ಲಿ 'ಪೇಜಸ್'. ಸೋರ್ಸ್ ಅನ್ನುವಲ್ಲಿ 'ಡಿಪ್ಲಾಯ್ ಫ್ರಮ್ ಎ ಬ್ರಾಂಚ್' ಇರಲಿ. ಬ್ರಾಂಚ್ 'ಮೇನ್', ಫೋಲ್ಡರ್ 'ರೂಟ್', ಆಮೇಲೆ ಸೇವ್. ಆಯಿತು.

ಪುಟ ತಕ್ಷಣ ಬರದಿದ್ದರೆ ಗಾಬರಿ ಬೇಡ. ಮೊದಲ ಸಲ 10 ನಿಮಿಷದವರೆಗೂ ಹಿಡಿಯಬಹುದು. 'ಆ್ಯಕ್ಷನ್ಸ್' ಟ್ಯಾಬ್ ತೆರೆದರೆ ಕೆಲಸ ನಡೆಯುತ್ತಿರುವುದು ಕಾಣುತ್ತದೆ: ಹಳದಿ ಚುಕ್ಕೆ ಇದ್ದರೆ ಇನ್ನೂ ನಡೆಯುತ್ತಿದೆ, ಹಸಿರು ಟಿಕ್ ಬಂದರೆ ಮುಗಿಯಿತು, ಕೆಂಪು ಬಂದರೆ ಅದರ ಮೇಲೆ ಒತ್ತಿ ಏನು ತಪ್ಪಾಗಿದೆ ಓದಿ. ವಿಳಾಸ ಹೀಗಿರುತ್ತದೆ: ನಿಮ್ಮ ಯೂಸರ್‌ನೇಮ್, ಡಾಟ್ ಗಿಟ್‌ಹಬ್ ಡಾಟ್ ಐಒ, ಒಂದು ಸ್ಲ್ಯಾಷ್, ರೆಪೊಸಿಟರಿಯ ಹೆಸರು. ಮುಂದೆ ತಿದ್ದುಪಡಿ ಮಾಡಿದಾಗಲೂ ಹಳೇ ಪುಟವೇ ಕಾಣುತ್ತಿದ್ದರೆ ಸ್ವಲ್ಪ ಕಾಯಿರಿ, ಬ್ರೌಸರ್ 10 ನಿಮಿಷ ಹಳೇ ಕಾಪಿಯನ್ನೇ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸದು ಬರುತ್ತದೆ.

ಮಳೆಯ ಟೇಬಲ್

ಇದು ನನಗೆ ಜಾಸ್ತಿ ಇಷ್ಟವಾದ ಭಾಗ. ವರ್ಷಕ್ಕೊಂದು ಫೈಲ್ ಮಾಡಿ, ಹೆಸರು 2018 ಡಾಟ್ ಎಂಡಿ. ಒಳಗೆ ಹೀಗೆ (ಅಂಕಿಗಳು ಉದಾಹರಣೆಗೆ ಮಾತ್ರ):

```
# 2018ರ ಮಳೆ

| ತಾರೀಕು | ನಕ್ಷತ್ರ | ಇಂಚು | ಷರಾ |
|---|---|---|---|
| ಜುಲೈ 8 | ಪುನರ್ವಸು | 2.35 | ರಾತ್ರಿ ಗಾಳಿ ಜೋರು |
| ಜುಲೈ 9 | ಪುನರ್ವಸು | 3.10 | ಕರೆಂಟ್ ಇಲ್ಲ |
| ಜುಲೈ 10 | ಪುನರ್ವಸು | 0.85 | ಮಧ್ಯಾಹ್ನ ಹೊಳವು |
```

ನಿಲುವು ಗೆರೆಗಳೇ ಕಾಲಂಗಳ ಗೋಡೆ. ಎರಡನೇ ಸಾಲಿನ ಅಡ್ಡ ಗೆರೆಗಳು ತಲೆಬರಹವನ್ನೂ ಅಂಕಿಗಳನ್ನೂ ಬೇರೆ ಮಾಡುತ್ತವೆ, ಅದನ್ನು ಬಿಟ್ಟರೆ ಸೈಟಿನಲ್ಲಿ ತಲೆಬರಹ ಬೇರೆಯಾಗಿ ಕಾಣುವುದಿಲ್ಲ. ಇನ್ನೊಂದು, ಟೇಬಲ್‌ಗೆ ಮುಂಚೆ ಒಂದು ಖಾಲಿ ಸಾಲು ಇರಲೇಬೇಕು. ಇಲ್ಲದಿದ್ದರೆ ಗಿಟ್‌ಹಬ್‌ನ ಪ್ರಿವ್ಯೂನಲ್ಲಿ ಸರಿಯಾಗಿ ಕಂಡು, ಸೈಟಿಗೆ ಹೋದಾಗ ಮಾತ್ರ ಗೆರೆ ಗೆರೆಯಾಗಿ ಒಡೆದುಹೋಗಬಹುದು. ಯಾಕೆಂದರೆ ಪ್ರಿವ್ಯೂ ಮಾಡುವ ತಂತ್ರಾಂಶ ಬೇರೆ, ಸೈಟ್ ಕಟ್ಟುವುದು ಬೇರೆ. ನನಗೆ ಇದು ಗೊತ್ತಾಗಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಷರಾ ಕಾಲಂ ಬೇಡ, ಅಂಕಿ ಇದ್ದರೆ ಸಾಕು ಅಂತ ಮೊದಲು ಅನ್ನಿಸಿತ್ತು. ಟೈಪ್ ಮಾಡುತ್ತಾ ಹೋದಂತೆ ಅಭಿಪ್ರಾಯ ಬದಲಾಯಿತು. 'ಹೂಮಳೆ ಸಾಲದು', 'ತೊರೆ ದಾಟಲು ಆಗಲಿಲ್ಲ', 'ಬ್ಯಾಕಿಂಗ್ ಮಳೆ ಸರಿಯಾದ ಹೊತ್ತಿಗೆ' ಅಂತ ದೊಡ್ಡಪ್ಪ ಅಂಚಿನಲ್ಲಿ ಬರೆದಿದ್ದಾರೆ (ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ಬ್ಯಾಕಿಂಗ್ ಅಂದರೆ ಅದಾದ ಮೇಲೆ ಬೇಕಾಗುವ ಮಳೆ). ಅದು ಬೇರೆ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಹಳೆ ಪುಸ್ತಕ ಹಾಕುವವರು ದಯವಿಟ್ಟು ಅಂಚಿನ ಬರಹವನ್ನು ಬಿಡಬೇಡಿ.

ಲಿಂಕ್ ಬಗ್ಗೆ ಒಂದು ಎಚ್ಚರಿಕೆ. ಮೇಲೆ ದುಂಡು ಬ್ರಾಕೆಟ್ಟಿನಲ್ಲಿ ಬರೀ 2018 ಅಂತ ಬರೆದಿದ್ದೇನೆ, ಅದಕ್ಕೆ ಮುಂಚೆ ಸ್ಲ್ಯಾಷ್ ಹಾಕಿಲ್ಲ. ಸ್ಲ್ಯಾಷ್ ಹಾಕಿದರೆ ಬ್ರೌಸರ್ ರೆಪೊಸಿಟರಿಯ ಹೆಸರನ್ನು ಬಿಟ್ಟು ಯೂಸರ್‌ನೇಮ್‌ನ ಬುಡಕ್ಕೇ ಹೋಗಿ ಹುಡುಕುತ್ತದೆ, ಅಲ್ಲಿ ಪುಟ ಇರುವುದಿಲ್ಲ, 404 ಅಂತ ಬರುತ್ತದೆ. ಹೊಸಬರ ಸೈಟಿನಲ್ಲಿ ಲಿಂಕ್ ಕೆಲಸ ಮಾಡದಿದ್ದರೆ ನಾನು ಮೊದಲು ನೋಡುವುದೇ ಈ ಸ್ಲ್ಯಾಷನ್ನು. ಇನ್ನೊಂದು ವಿಷಯ, ಈ ಲಿಂಕ್ ಸೈಟಿನಲ್ಲಿ ಸರಿಯಾಗಿ ನಡೆಯುತ್ತದೆ, ಗಿಟ್‌ಹಬ್‌ನ ಫೈಲ್ ನೋಡುವ ಪುಟದಲ್ಲಿ ನಡೆಯುವುದಿಲ್ಲ. ಪರೀಕ್ಷೆ ಮಾಡುವಾಗ ಸೈಟಿಗೇ ಹೋಗಿ ಮಾಡಿ.

ಕನ್ನಡಕ್ಕೆ ಬೇಕಾದ ಕೆಲವು

ಹಳೆಯ ಕನ್ನಡ ಫೈಲ್‌ಗಳಿಂದ ಕಾಪಿ ಮಾಡುವವರು ಇದನ್ನು ಓದಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರುತ್ತದೆ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕಾಣುವುದು ಮಾತ್ರ ಕನ್ನಡ. ಮೊದಲು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಬೇರೆ ಸಂಕೇತ ಇರುವ ಪದ್ಧತಿಗೆ) ಪರಿವರ್ತಿಸಿ, ಆಮೇಲೆ ಅಂಟಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪು ಜಾಸ್ತಿ ಅಲ್ಲೇ ಇರುತ್ತದೆ.

ಫಾಂಟ್ ಅಂತ ಬೇರೆ ಏನೂ ಸೇರಿಸಬೇಕಿಲ್ಲ. ಈಗಿನ ಫೋನ್‌ಗಳಲ್ಲೂ ವಿಂಡೋಸ್‌ನಲ್ಲೂ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಚಂದಕ್ಕೆ ಅಂತ ಒಂದು ವೆಬ್‌ಫಾಂಟ್ ಹಾಕಿದರೆ ಅದೂ ಡೌನ್‌ಲೋಡ್ ಆಗಬೇಕು, ಸಿಗ್ನಲ್ ಕಮ್ಮಿ ಇರುವವರಿಗೆ ಅಷ್ಟೂ ಹೊತ್ತು ತೊಂದರೆ.

ಸೈಟಿನ ಹೆಸರನ್ನೂ ಭಾಷೆಯನ್ನೂ ಹೇಳಲು ಇನ್ನೊಂದು ಫೈಲ್ ಬೇಕು. ಅದರ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಿ ಕಾನ್ಫಿಗ್ ಡಾಟ್ ವೈಎಂಎಲ್. ಒಳಗೆ ಎರಡೇ ಸಾಲು. ಮೊದಲನೆಯದರಲ್ಲಿ 'ಟೈಟಲ್' ಅಂತ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆದು, ಕೋಲನ್ ಹಾಕಿ, ಒಂದು ಸ್ಪೇಸ್ ಬಿಟ್ಟು ನಿಮ್ಮ ಸೈಟಿನ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಎರಡನೆಯದರಲ್ಲಿ 'ಲ್ಯಾಂಗ್', ಕೋಲನ್, ಸ್ಪೇಸ್, ಆಮೇಲೆ ಕನ್ನಡದ ಸಂಕೇತವಾದ ಕೆ ಮತ್ತು ಎನ್ ಎರಡು ಅಕ್ಷರ. ಕೋಲನ್ ಆದ ಮೇಲಿನ ಸ್ಪೇಸ್ ಬಿಟ್ಟುಹೋದರೆ ಬಿಲ್ಡ್, ಅಂದರೆ ಸೈಟ್ ಕಟ್ಟುವ ಕೆಲಸ, ಕೆಡುತ್ತದೆ. ಭಾಷೆ ಹೇಳಿದರೆ ಏನು ಉಪಯೋಗ ಅನ್ನಬಹುದು. ಕಣ್ಣು ಕಾಣದವರ ಫೋನ್ ಪುಟವನ್ನು ಓದಿ ಹೇಳುವಾಗ, ಇದು ಕನ್ನಡ ಅಂತ ಅದಕ್ಕೆ ತಿಳಿಯುವುದು ಈ ಸಾಲಿನಿಂದ.

ಫೋಟೋಗಳು

ಪುಸ್ತಕದ ಪುಟಗಳ ಫೋಟೋವನ್ನೂ ಹಾಕಬೇಕು ಅಂತ ನನಗಿತ್ತು. ದೊಡ್ಡಪ್ಪನ ಕೈಬರಹ ಕಾಣಬೇಕಲ್ವಾ? 'ಆ್ಯಡ್ ಫೈಲ್' ಅಡಿಯಲ್ಲೇ 'ಅಪ್‌ಲೋಡ್ ಫೈಲ್ಸ್' ಇದೆ. ಫೋಟೋ ತೋರಿಸುವುದು ಲಿಂಕ್ ಬರೆದ ಹಾಗೇ, ಚೌಕ ಬ್ರಾಕೆಟ್ಟಿಗೆ ಮುಂಚೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿ ಅಷ್ಟೇ.

ಮೊದಲ ದಿನ ಹಾಕಿದ ಹನ್ನೆರಡು ಫೋಟೋಗಳಲ್ಲಿ ಒಂದೂ ಕಾಣಲಿಲ್ಲ. ಕ್ಯಾಮೆರಾ ಫೈಲಿನ ಕೊನೆಗೆ ಜೆಪಿಜಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿತ್ತು, ನಾನು ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ, ಗಿಟ್‌ಹಬ್‌ನ ಸರ್ವರ್‌ಗೆ ಬೇರೆ ಬೇರೆ. ಆಮೇಲಿಂದ ಅಪ್‌ಲೋಡ್ ಮಾಡುವ ಮೊದಲೇ ಎಲ್ಲ ಫೈಲಿನ ಹೆಸರನ್ನು ಸಣ್ಣ ಅಕ್ಷರ ಮಾಡಿಕೊಳ್ಳುತ್ತೇನೆ.

ಗಾತ್ರವನ್ನೂ ನೋಡಿಕೊಳ್ಳಿ. ಫೋನಿನ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿದರೆ ಕೈಬರಹ ಓದಲೂ ಸಿಗುತ್ತದೆ, ಪುಟವೂ ಬೇಗ ತೆರೆಯುತ್ತದೆ. ಬ್ರೌಸರ್‌ನಿಂದ ಹಾಕುವ ಒಂದು ಫೈಲ್ 25 ಎಂಬಿ ಮೀರುವ ಹಾಗಿಲ್ಲ, ಇಡೀ ಸೈಟ್ 1 ಜಿಬಿ ಒಳಗಿರಬೇಕು. ಮಳೆ ಪುಸ್ತಕಕ್ಕೆ ಅದು ಧಾರಾಳ.

ಇನ್ನು ಗಂಭೀರವಾದ ವಿಷಯ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೋದ ಒಳಗೇ ಕೂತಿರುತ್ತದೆ. ಅದನ್ನು ತೆಗೆದು ಹಾಕಿ. ಪುಸ್ತಕದ ಪುಟದಲ್ಲಿ ಫೋನ್ ನಂಬರ್, ಸರ್ವೆ ನಂಬರ್, ಕೂಲಿ ಲೆಕ್ಕದಲ್ಲಿ ಕೆಲಸದವರ ಹೆಸರು ಇದ್ದರೆ ಮುಚ್ಚಿ ಫೋಟೋ ತೆಗೆಯಿರಿ. ಹಾಕಿದ ಮೇಲೆ ಅಳಿಸಿದರಾಯಿತು ಅಂದುಕೊಳ್ಳಬೇಡಿ. ರೆಪೊಸಿಟರಿ ಇತಿಹಾಸವನ್ನು ಇಟ್ಟುಕೊಳ್ಳುತ್ತದೆ, ಇವತ್ತು ಅಳಿಸಿದ ಫೈಲ್ ನಿನ್ನೆಯ ಕಮಿಟ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ.

ತಿದ್ದುವುದು

ಇತಿಹಾಸ ಉಳಿಯುವುದರ ಒಳ್ಳೆ ಮುಖವೂ ಇದೆ, ನಾನು ರೆಪೊಸಿಟರಿಯನ್ನು ಇಷ್ಟು ಮೆಚ್ಚಲು ಅದೇ ಕಾರಣ. ಒಂದು ದಿನ ದೊಡ್ಡಪ್ಪ ಸೈಟ್ ನೋಡುತ್ತಾ, "ಎಂತ ಮಗಾ, ಜುಲೈ 12ಕ್ಕೆ ಮೂರು ನಲವತ್ತು ಹಾಕಿದ್ದೀಯಾ, ಅದು ನಾಲ್ಕು ಮೂವತ್ತು" ಅಂದರು. ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಫೈಲ್ ತೆರೆದು, ಪೆನ್ಸಿಲ್ ಗುರುತು ಒತ್ತಿ, ಅಂಕಿ ಬದಲಾಯಿಸಿ, ಕಮಿಟ್ ಟಿಪ್ಪಣಿಯಲ್ಲಿ 'ಜುಲೈ 12: 3.40 ಅಲ್ಲ, 4.30. ಪುಸ್ತಕ ನೋಡಿ ತಿದ್ದಿದ್ದು' ಅಂತ ಬರೆದೆ. ಆಮೇಲೆ 'ಹಿಸ್ಟರಿ' ಒತ್ತಿ ತೋರಿಸಿದೆ. ಹಳೇ ಸಾಲು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ, ಪಕ್ಕದಲ್ಲಿ ತಿದ್ದಿದವರ ಹೆಸರು, ತಾರೀಕು. ಅವರು ತಮ್ಮ ಪುಸ್ತಕದ ಒಂದು ಪುಟ ತಿರುಗಿಸಿ ತೋರಿಸಿದರು. ತಪ್ಪಾದ ಅಂಕಿಯನ್ನು ಗೀಚಿ ಹಾಕದೆ, ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು ಸಣ್ಣ ಸಹಿ ಹಾಕಿದ್ದರು. ಎರಡೂ ಒಂದೇ ಕೆಲಸ.

ಕಮಿಟ್ ಟಿಪ್ಪಣಿ ಬರೆಯಿರಿ ಅಂತ ಮೊದಲೇ ಹೇಳಿದ್ದು ಇದಕ್ಕೇ. 'ಅಪ್‌ಡೇಟ್' ಅಂತ ಐವತ್ತು ಸಲ ಬರೆದಿದ್ದರೆ ಐದು ವರ್ಷ ಆದ ಮೇಲೆ ಯಾವ ಅಂಕಿ ಯಾಕೆ ಬದಲಾಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ.

ಸಣ್ಣ ತಿದ್ದುಪಡಿಗೆ ಫೋನಿನ ಬ್ರೌಸರ್ ಸಾಕು. ಒಂದೇ ಸಲ ಹತ್ತಾರು ಫೈಲ್ ತಿದ್ದಬೇಕಾದರೆ ಕಂಪ್ಯೂಟರ್‌ನಲ್ಲಿ ರೆಪೊಸಿಟರಿ ತೆರೆದಿಟ್ಟು ಕೀಬೋರ್ಡ್‌ನ ಚುಕ್ಕೆ ಕೀ ಒತ್ತಿ. ಬ್ರೌಸರ್ ಒಳಗೇ ದೊಡ್ಡ ಎಡಿಟರ್ ತೆರೆಯುತ್ತದೆ, ಎಡಗಡೆ ಫೈಲ್‌ಗಳ ಪಟ್ಟಿ, ಹುಡುಕಿ ಬದಲಾಯಿಸುವ ಸೌಲಭ್ಯ, ಎಲ್ಲ ಇರುತ್ತದೆ.

ಕಾಪಿ, ಮತ್ತು ಕೈ ಜೋಡಿಸುವವರು

'ಕೋಡ್' ಅನ್ನುವ ಹಸಿರು ಬಟನ್‌ನಲ್ಲಿ 'ಡೌನ್‌ಲೋಡ್ ಜಿಪ್' ಇದೆ. ಮೂರು ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಜಿಪ್‌ನಲ್ಲಿ ಬರುವುದು ಇವತ್ತಿನ ಫೈಲ್‌ಗಳು ಮಾತ್ರ. ಇತಿಹಾಸ ಸಮೇತ ಬೇಕಾದರೆ ಕಂಪ್ಯೂಟರ್‌ನಲ್ಲಿ ಗಿಟ್ ಅಥವಾ ಗಿಟ್‌ಹಬ್ ಡೆಸ್ಕ್‌ಟಾಪ್ ಹಾಕಿಕೊಂಡು ಕ್ಲೋನ್ ಮಾಡಬೇಕು. ಕ್ಲೋನ್ ಮಾಡಿದ ಪ್ರತಿ ಕಂಪ್ಯೂಟರ್‌ನಲ್ಲೂ ಪೂರ್ತಿ ರೆಪೊಸಿಟರಿ, ಮೊದಲ ದಿನದಿಂದ ಇವತ್ತಿನವರೆಗೆ, ಇರುತ್ತದೆ. ಗಿಟ್‌ಹಬ್ ಬೇಡ ಅನ್ನಿಸಿದ ದಿನ ಅದನ್ನೇ ತೆಗೆದುಕೊಂಡು ಬೇರೆ ಕಡೆ ಹೋಗಬಹುದು. ಸ್ವಂತ ಡೊಮೇನ್ (ಸೈಟಿಗೆ ನಿಮ್ಮದೇ ಹೆಸರಿನ ವಿಳಾಸ) ಬೇಕು ಅನ್ನುವವರು ಖರೀದಿಸಿ ಅದೇ 'ಪೇಜಸ್' ಸೆಟ್ಟಿಂಗ್‌ನಲ್ಲಿ ಸೇರಿಸಬಹುದು. ನಾವು ಸೇರಿಸಿಲ್ಲ, ವರ್ಷ ವರ್ಷ ರಿನ್ಯೂ ಮಾಡುವ ಕೆಲಸವೇ ಬೇಡ ಅಂತ.

ಹಳೆ ಪುಸ್ತಕಗಳನ್ನು ಟೈಪ್ ಮಾಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. 'ಸೆಟ್ಟಿಂಗ್ಸ್' ಒಳಗೆ 'ಕೊಲಾಬೊರೇಟರ್ಸ್' ಅಂತ ಇದೆ. ಅಲ್ಲಿ ಮನೆಯ ಬೇರೆಯವರ ಯೂಸರ್‌ನೇಮ್ ಕೊಟ್ಟರೆ ಅವರಿಗೆ ಆಹ್ವಾನ ಹೋಗುತ್ತದೆ, 7 ದಿನದೊಳಗೆ ಒಪ್ಪಿಕೊಳ್ಳಬೇಕು, ತಪ್ಪಿದರೆ ಮತ್ತೆ ಕಳುಹಿಸಬೇಕು. ಬೆಂಗಳೂರಿನಲ್ಲಿರುವ ನನ್ನ ತಂಗಿ ಹೀಗೆ ಸೇರಿಕೊಂಡಳು. ನಾನು ಇಲ್ಲಿಂದ ಪುಟದ ಫೋಟೋ ಹಾಕುತ್ತೇನೆ, ಅವಳು ರಾತ್ರಿ ಕೂತು ಅದನ್ನು ಟೇಬಲ್ ಮಾಡುತ್ತಾಳೆ. ಓದಲು ಆಗದ ಅಂಕಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿರುತ್ತಾಳೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಅದನ್ನು ದೊಡ್ಡಪ್ಪನಿಗೆ ತೋರಿಸಿ ಕೇಳುತ್ತೇನೆ.